ಸ್ಟಾರಾ, ಡೆಲ್ಟಾನಾ? ಮೊದಲು ಟರ್ನ್ ಎಣಿಸೋಣ

ಪ್ರಶ್ನೆ: ಸರ್, ನಮ್ಮದು ಗದಗ ಜಿಲ್ಲೆಯ ಮುಂಡರಗಿ ಕಡೆ ಊರು. ಹೊಲದ ಮನೆಗೆ ಕೈಯಾರೆ ಒಂದು ಗಾಳಿಯಂತ್ರ ಕಟ್ಟುತ್ತಿದ್ದೇನೆ. ಮೂರು ರೆಕ್ಕೆ, ಒಟ್ಟು ವ್ಯಾಸ 2.4 ಮೀಟರ್. ಜನರೇಟರಿಗೆ ಎರಡು ಕಬ್ಬಿಣದ ಡಿಸ್ಕ್, ಒಂದೊಂದರ ಮೇಲೆ 12 ನಿಯೋಡೈಮಿಯಂ ಮ್ಯಾಗ್ನೆಟ್, ನಡುವೆ 9 ಕಾಯಿಲ್. ಮ್ಯಾಗ್ನೆಟ್ ಅಂಟಿಸಿ ಆಗಿದೆ, ಕಾಯಿಲ್ ಇನ್ನೂ ಸುತ್ತಿಲ್ಲ. 12 ವೋಲ್ಟಿನ ಎರಡು ಇನ್ವರ್ಟರ್ ಬ್ಯಾಟರಿ ಇವೆ. ಕಂಬದ ತುದಿಯಿಂದ ಬ್ಯಾಟರಿಯವರೆಗೆ 40 ಮೀಟರ್ ವೈರ್ ಬೇಕು. ಕಾಯಿಲ್ ಜೋಡಿಸುವುದು ಹೇಗೆ ಅನ್ನುವುದರಲ್ಲಿ ತಲೆ ಕೆಟ್ಟಿದೆ. ಒಬ್ಬರು ಡೆಲ್ಟಾ ಮಾಡು, ಕರೆಂಟ್ ಜಾಸ್ತಿ ಬರುತ್ತದೆ ಅಂತಾರೆ. ಇನ್ನೊಬ್ಬರು ಸ್ಟಾರ್ ಅಂತಾರೆ. ಮತ್ತೊಬ್ಬರು ಒಂದೊಂದು ಕಾಯಿಲಿಗೂ ಬೇರೆ ಬೇರೆ ಡಯೋಡ್ ಹಾಕು ಅಂತಾರೆ. ಒಂದೇ ಫೇಸಿನ ಮೂರು ಕಾಯಿಲನ್ನು ಸೀರೀಸ್ ಮಾಡಲೋ, ಪ್ಯಾರಲಲ್ ಮಾಡಲೋ?

ಉತ್ತರ: ಕಾಯಿಲ್ ಇನ್ನೂ ಸುತ್ತಿಲ್ಲ ಅಂದಿರಲ್ಲ, ಅದೇ ಒಳ್ಳೆಯ ಸುದ್ದಿ. ಇಂಥ ಪ್ರಶ್ನೆ ಕೇಳುವ ಹತ್ತು ಜನರಲ್ಲಿ ಎಂಟು ಜನ ಕಾಯಿಲ್ ಸುತ್ತಿ, ರೆಸಿನ್ ಸುರಿದು, ಗಟ್ಟಿಯಾದ ಮೇಲೆ ಕೇಳುತ್ತಾರೆ. ಆಗ ಜೋಡಣೆಯಲ್ಲಿ ಕಸರತ್ತು ಮಾಡದೆ ಬೇರೆ ದಾರಿ ಇರುವುದಿಲ್ಲ. ನಿಮಗೆ ದಾರಿ ಇದೆ.

ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ. 24 ವೋಲ್ಟ್, ಸ್ಟಾರ್, ಒಂದು ಫೇಸಿನ ಮೂರೂ ಕಾಯಿಲ್ ಸೀರೀಸ್, ಒಂದು ಕಾಯಿಲಿಗೆ 45ರಿಂದ 50 ಟರ್ನ್, ಅಂದರೆ ತಂತಿಯ ಸುತ್ತು. ಫೇಸ್ ಅಂದರೆ ವೋಲ್ಟೇಜ್ ಒಟ್ಟಿಗೆ ಏರಿಳಿಯುವ ಮೂರು ಕಾಯಿಲಿನ ಗುಂಪು. ಮೂರು ಫೇಸಿನ ಒಂದೊಂದು ತುದಿಯನ್ನು ಒಂದೇ ಕಡೆ ಸೇರಿಸಿದರೆ ಸ್ಟಾರ್, ಮೂರನ್ನೂ ತಲೆಗೆ ಬಾಲ ಜೋಡಿಸಿ ಮುಚ್ಚಿದರೆ ಡೆಲ್ಟಾ. ಇದು ಯಾಕೆ ಅನ್ನುವುದರಲ್ಲೇ ನಿಮ್ಮ ಉಳಿದ ಪ್ರಶ್ನೆಗಳಿಗೆ ಉತ್ತರ ಇದೆ.

ಹಳ್ಳಿಯಲ್ಲಿ ಸ್ಟಾರ್–ಡೆಲ್ಟಾ ಅಂದರೆ ಎಲ್ಲರಿಗೂ ನೆನಪಾಗುವುದು ಪಂಪ್‌ಸೆಟ್ಟಿನ ಸ್ಟಾರ್ಟರ್. ಮೋಟಾರು ಮೊದಲು ಸ್ಟಾರ್‌ನಲ್ಲಿ ನಿಧಾನಕ್ಕೆ ಏಳುತ್ತದೆ, ಆಮೇಲೆ ಟಪ್ ಅಂತ ಡೆಲ್ಟಾಗೆ ಬಂದು ಪೂರ್ತಿ ಜೋರು ತೋರಿಸುತ್ತದೆ. ಹಾಗಾಗಿ ಡೆಲ್ಟಾ ಅಂದರೆ ಶಕ್ತಿ, ಸ್ಟಾರ್ ಅಂದರೆ ಸೌಮ್ಯ ಅನ್ನುವ ನಂಬಿಕೆ ಕೂತುಬಿಟ್ಟಿದೆ. ಮೋಟಾರಿನ ಮಟ್ಟಿಗೆ ಅದು ಸರಿ. ಹೊರಗಿನಿಂದ ಬರುವ ವೋಲ್ಟೇಜ್ ಅಲ್ಲಿ ಕಟ್ಟಿಟ್ಟದ್ದು. ಸ್ಟಾರ್‌ನಲ್ಲಿ ಒಂದೊಂದು ವೈಂಡಿಂಗಿಗೆ ಅದರ 1.73ನೇ ಒಂದು ಪಾಲು ಮಾತ್ರ ಸಿಗುತ್ತದೆ, ಡೆಲ್ಟಾದಲ್ಲಿ ಪೂರ್ತಿ ಸಿಗುತ್ತದೆ. ಜನರೇಟರಿನಲ್ಲಿ ಕಥೆ ಉಲ್ಟಾ. ಇಲ್ಲಿ ವೋಲ್ಟೇಜ್ ಹುಟ್ಟುವುದೇ ಕಾಯಿಲಿನಲ್ಲಿ. ಸ್ಟಾರ್ ಮಾಡಿದರೆ ಹೊರಗೆ ಬರುವ ವೋಲ್ಟೇಜ್ ಒಂದು ಫೇಸಿನ 1.73 ಪಟ್ಟು. ಡೆಲ್ಟಾ ಮಾಡಿದರೆ ಫೇಸಿನಷ್ಟೇ, ಆದರೆ ಕರೆಂಟ್ 1.73 ಪಟ್ಟು ತಡೆಯುತ್ತದೆ. ಗುಣಿಸಿದರೆ ಎರಡೂ ಒಂದೇ.

ಸೀರೀಸ್–ಪ್ಯಾರಲಲ್ ಲೆಕ್ಕವೂ ಹೀಗೇ. ಎರಡು ಪಂಪನ್ನು ಒಂದರ ಬೆನ್ನಿಗೆ ಒಂದು ಜೋಡಿಸಿದರೆ ನೀರು ಎತ್ತರಕ್ಕೆ ಏರುತ್ತದೆ. ಅಕ್ಕಪಕ್ಕ ಜೋಡಿಸಿದರೆ ನೀರು ಜಾಸ್ತಿ ಬರುತ್ತದೆ. ಡೀಸೆಲ್ ಖರ್ಚು ಮಾತ್ರ ಅಷ್ಟೇ. ನಿಮ್ಮ 9 ಕಾಯಿಲಿನ ಜಾಗದಲ್ಲಿ ಹಿಡಿಸುವ ತಾಮ್ರ ಸುಮಾರು 4 ಕೆ.ಜಿ. ಅದನ್ನು ಸಣ್ಣ ತಂತಿಯಲ್ಲಿ ಜಾಸ್ತಿ ಟರ್ನ್ ಸುತ್ತಿ ಡೆಲ್ಟಾ ಮಾಡಿದರೂ, ದಪ್ಪ ತಂತಿಯಲ್ಲಿ ಕಡಿಮೆ ಟರ್ನ್ ಸುತ್ತಿ ಸ್ಟಾರ್ ಮಾಡಿದರೂ, ಹೊರಗೆ ಅದೇ ವೋಲ್ಟೇಜ್ ಬರುವ ಹಾಗೆ ಹೊಂದಿಸಿಕೊಂಡರೆ ತಾಮ್ರದಲ್ಲಿ ಸುಡುವ ಶಕ್ತಿ ಒಂದೇ. ಜೋಡಣೆಯಿಂದ ಒಂದು ವಾಟೂ ಹೊಸದಾಗಿ ಹುಟ್ಟುವುದಿಲ್ಲ. ‘ಡೆಲ್ಟಾ ಮಾಡಿದ್ರೆ ಕರೆಂಟ್ ಜಾಸ್ತಿ’ ಅಂದವರು ಅರ್ಧ ಮಾತು ಹೇಳಿದ್ದಾರೆ. ಇನ್ನರ್ಧ, ಅಷ್ಟು ವೋಲ್ಟೇಜ್ ಹುಟ್ಟಿಸಲು ಯಂತ್ರ 1.73 ಪಟ್ಟು ಜೋರಾಗಿ ತಿರುಗಬೇಕು ಅನ್ನುವುದು.

ಹಾಗಾದರೆ ತೀರ್ಮಾನ ಮಾಡಬೇಕಾದದ್ದು ಯಾವುದನ್ನು? ಎಷ್ಟು ವೇಗದಲ್ಲಿ ನಿಮ್ಮ ಯಂತ್ರ ಬ್ಯಾಟರಿಗೆ ಚಾರ್ಜ್ ಕೊಡಲು ಶುರು ಮಾಡಬೇಕು ಅನ್ನುವುದನ್ನು. ಇದನ್ನು ನಿರ್ಧರಿಸುವುದು ಟರ್ನ್. ಸ್ಟಾರ್, ಡೆಲ್ಟಾ ಎಲ್ಲ ಆಮೇಲಿನ ಮಾತು.

ಲೆಕ್ಕ ಮಾಡೋಣ, ಹೆದರಬೇಡಿ. ಮೂರು ರೆಕ್ಕೆಯ ಯಂತ್ರದಲ್ಲಿ ರೆಕ್ಕೆಯ ತುದಿ ಗಾಳಿಯ 6–7 ಪಟ್ಟು ವೇಗದಲ್ಲಿ ಓಡಿದಾಗ ಚೆನ್ನಾಗಿ ಕೆಲಸ ಮಾಡುತ್ತದೆ. 7 ಅಂತ ಇಟ್ಟುಕೊಳ್ಳಿ. ಗಾಳಿ ಸೆಕೆಂಡಿಗೆ 3 ಮೀಟರ್ ಬೀಸಿದರೆ ನಿಮ್ಮ 2.4 ಮೀಟರ್ ಯಂತ್ರ ನಿಮಿಷಕ್ಕೆ ಸುಮಾರು 167 ಸುತ್ತು ತಿರುಗುತ್ತದೆ. 4 ಮೀಟರ್ ಬೀಸಿದರೆ 223 ಸುತ್ತು. 9 ಮೀಟರಿಗೆ 500 ಸುತ್ತು.

ಇನ್ನು ಮ್ಯಾಗ್ನೆಟ್. ಅಳತೆ ಬರೆದಿಲ್ಲ, ಆದರೆ ಈ ಗಾತ್ರದ ಯಂತ್ರಕ್ಕೆ ಸಾಮಾನ್ಯವಾಗಿ ಬಳಸುವುದು 46×30×10 ಮಿಲಿಮೀಟರಿನದು. ಸ್ಕಾಟ್ಲೆಂಡಿನ ಸ್ಕೊರೇಗ್‌ನಲ್ಲಿರುವ ಹ್ಯೂ ಪಿಗಟ್ ಜನಪ್ರಿಯ ಮಾಡಿದ ವಿನ್ಯಾಸದಲ್ಲಿ ಇರುವುದು ಇದೇ. ಜಗತ್ತಿನ ಎಷ್ಟೋ ಕಡೆ ಜನ ಅದನ್ನು ನೋಡಿಯೇ ಕಟ್ಟಿಕೊಂಡಿದ್ದಾರೆ. ನಿಮ್ಮ 12–9 ಲೆಕ್ಕ ನೋಡಿದರೆ ನಿಮ್ಮದೂ ಆ ವಂಶದ್ದೇ ಅನಿಸುತ್ತದೆ. ಎರಡು ಡಿಸ್ಕಿನ ನಡುವೆ 13 ಮಿಮೀ ದಪ್ಪದ ಸ್ಟೇಟರ್ (ಕಾಯಿಲುಗಳನ್ನು ರೆಸಿನ್‌ನಲ್ಲಿ ಕೂರಿಸಿದ, ತಿರುಗದ ತಟ್ಟೆ), ಎರಡೂ ಕಡೆ ಸ್ವಲ್ಪ ಸಂದು ಬಿಟ್ಟರೆ ಆ ಸಂದಿನಲ್ಲಿ ಸುಮಾರು 0.6 ಟೆಸ್ಲಾ (ಕಾಂತಕ್ಷೇತ್ರದ ಅಳತೆ) ಸಿಗುತ್ತದೆ. ಇದರಿಂದ ಒಂದು ಟರ್ನಿಗೆ ಹುಟ್ಟುವ ವೋಲ್ಟೇಜ್, ಯಂತ್ರ ಸೆಕೆಂಡಿಗೆ ಒಂದು ಸುತ್ತು ತಿರುಗಿದಾಗ, 0.022 ವೋಲ್ಟ್. ಈ ಒಂದು ಅಂಕಿ ನೆನಪಿಟ್ಟುಕೊಂಡರೆ ಸಾಕು.

24 ವೋಲ್ಟ್ ಬ್ಯಾಟರಿ ಅಂದರೆ ನಿಜದಲ್ಲಿ 25 ವೋಲ್ಟ್ ಆಸುಪಾಸು. ಅದರ ಮೇಲೆ ಎಸಿಯನ್ನು ಡಿಸಿ ಮಾಡುವ ಎರಡು ಡಯೋಡ್ ದಾಟಲು 1.4 ವೋಲ್ಟ್. ಸುಮಾರು 26 ವೋಲ್ಟ್ ದಾಟಿದ ಮೇಲೆ ಚಾರ್ಜ್ ಶುರು. ಒಂದು ಕಾಯಿಲಿಗೆ 60 ಟರ್ನ್ ಸುತ್ತಿ, ಮೂರು ಸೀರೀಸ್ ಮಾಡಿ, ಸ್ಟಾರ್ ಕಟ್ಟಿದರೆ 167 ಸುತ್ತಿನಲ್ಲಿ ಕಾಯಿಲಿಗೆ 3.7, ಫೇಸಿಗೆ 11, ಲೈನಿನಿಂದ ಲೈನಿಗೆ 19 ವೋಲ್ಟ್ ಎಸಿ ಬರುತ್ತದೆ. ಅದರ ತುದಿ 27 ವೋಲ್ಟ್ ಮುಟ್ಟುತ್ತದೆ. ಅಂದರೆ 60 ಟರ್ನಿಗೆ 3 ಮೀಟರ್ ಗಾಳಿಯಲ್ಲೇ ಚಾರ್ಜ್ ಶುರುವಾಗುತ್ತದೆ. 45 ಟರ್ನಿಗಾದರೆ 4 ಮೀಟರ್ ಗಾಳಿ ಬೇಕು.

‘ಹಾಗಾದ್ರೆ 60 ಸುತ್ತೋಣ, ಸಣ್ಣ ಗಾಳಿಗೂ ಚಾರ್ಜ್ ಆಗ್ತದಲ್ಲ’ ಅಂತ ಅನಿಸುತ್ತದೆ, ಅಲ್ವಾ? ನನಗೂ ಮೊದಲು ಹಾಗೇ ಅನಿಸಿತ್ತು. ಇಲ್ಲೇ ಎಡವುವುದು.

ಗಾಳಿಯಲ್ಲಿರುವ ಶಕ್ತಿ ವೇಗದ ಘನಕ್ಕೆ ತಕ್ಕ ಹಾಗೆ ಏರುತ್ತದೆ. ರೆಕ್ಕೆ ಗಾಳಿಯ ಶಕ್ತಿಯ 30 ಶೇಕಡ ಹಿಡಿಯುತ್ತದೆ ಅಂತ ಇಟ್ಟುಕೊಂಡರೆ, ನಿಮ್ಮ ಯಂತ್ರದ ಶಾಫ್ಟಿಗೆ 3 ಮೀಟರ್ ಗಾಳಿಯಲ್ಲಿ ಸಿಗುವುದು 22 ವಾಟ್. 4 ಮೀಟರಿನಲ್ಲಿ 52 ವಾಟ್. 9 ಮೀಟರಿನಲ್ಲಿ 590 ವಾಟ್. 3 ಮತ್ತು 4ರ ನಡುವಿನದನ್ನು ಪೂರ್ತಿ ಬಿಟ್ಟರೂ ಕಳೆದುಕೊಳ್ಳುವುದು ಎರಡು ಮೂರು ಬಲ್ಬಿನ ವಿದ್ಯುತ್ತು.

ಈಗ 9 ಮೀಟರ್ ಗಾಳಿ ಬೀಸಿದಾಗ ಏನಾಗುತ್ತದೆ ನೋಡಿ. ರೆಕ್ಕೆಗೆ 500 ಸುತ್ತು ತಿರುಗುವ ಆಸೆ. ಆದರೆ ಬ್ಯಾಟರಿ ಮೂಗುದಾರ ಹಿಡಿದ ಹಾಗೆ ವೋಲ್ಟೇಜನ್ನು 25ರ ಹತ್ತಿರ ಹಿಡಿದಿಟ್ಟಿರುತ್ತದೆ. ವೇಗ ಸ್ವಲ್ಪ ಏರಿದರೂ ಕರೆಂಟ್ ಧಾರಾಳವಾಗಿ ಹರಿದು ಯಂತ್ರವನ್ನು ಜಗ್ಗುತ್ತದೆ. 60 ಟರ್ನಿನ ಯಂತ್ರ 590 ವಾಟ್ ಹೀರಲು 240 ಸುತ್ತು ಸಾಕು. ಅಲ್ಲಿಗೇ ರೆಕ್ಕೆ ಕಟ್ಟಿಬಿಡುತ್ತದೆ. ತುದಿಯ ವೇಗ ಗಾಳಿಯ ಮೂರೂವರೆ ಪಟ್ಟಿಗೂ ಕಡಿಮೆ. ಆ ವೇಗದಲ್ಲಿ ರೆಕ್ಕೆಯ ಮೇಲೆ ಗಾಳಿ ಸರಿಯಾಗಿ ಅಂಟಿಕೊಂಡು ಹರಿಯುವುದಿಲ್ಲ, ಕಿತ್ತುಹೋಗುತ್ತದೆ. ಆಗ 590 ವಾಟ್ ಅನ್ನುವ ಲೆಕ್ಕವೂ ಸುಳ್ಳಾಗುತ್ತದೆ, ಸಿಗುವುದು ಅದಕ್ಕಿಂತ ಬಹಳ ಕಡಿಮೆ. ಇದನ್ನೇ ಸ್ಟಾಲ್ ಅನ್ನುವುದು. ಕೆಳಗೆ ನಿಂತು ನೋಡಿದರೆ ಗೊತ್ತಾಗುತ್ತದೆ. ಆಷಾಢದ ಗಾಳಿ ಕಿವಿ ಕಿತ್ತುಹೋಗುವ ಹಾಗೆ ಬೀಸುತ್ತಿರುತ್ತದೆ, ಯಂತ್ರ ಮಾತ್ರ ಗಾಣದ ಎತ್ತಿನ ಹಾಗೆ ನಿಧಾನಕ್ಕೆ ಸುತ್ತುತ್ತಿರುತ್ತದೆ.

45 ಟರ್ನಿನದಾದರೆ ಅದೇ ಗಾಳಿಯಲ್ಲಿ 300 ಸುತ್ತಿನವರೆಗೆ ಬಿಡುತ್ತದೆ. ಪೂರ್ತಿ ಬಿಡುಗಡೆ ಅಲ್ಲ, ಆದರೆ ಉಸಿರಾಡಲು ಆಗುತ್ತದೆ. ಅಷ್ಟೇ ಅಲ್ಲ, ಟರ್ನ್ ಕಡಿಮೆಯಾದರೆ ತಂತಿ ದಪ್ಪ ಹಾಕಬಹುದು. 60 ಟರ್ನಿನಲ್ಲಿ ಎರಡು ಫೇಸಿನ ರೆಸಿಸ್ಟೆನ್ಸ್ ಅರ್ಧ ಓಮ್ ಹತ್ತಿರ ಬರುತ್ತದೆ. 45ರಲ್ಲಿ 0.28 ಓಮ್. ಕಾಯಿಲ್ ಕಡಿಮೆ ಕಾಯುತ್ತದೆ. ಸ್ಟೇಟರ್ ಸುಟ್ಟುಹೋಗುವುದು ಕಮ್ಮಿ ಗಾಳಿಯಲ್ಲಲ್ಲ, ಜೋರು ಗಾಳಿಯಲ್ಲಿ. ನಿಮ್ಮ ಕಡೆ ಕಪ್ಪತಗುಡ್ಡದ ಸಾಲಿನ ಮೇಲೆ ಕಂಪನಿಗಳ ದೊಡ್ಡ ಗಾಳಿಯಂತ್ರ ಸುಮ್ನೆ ನಿಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಗಾಳಿಗೆ ಬರವಿಲ್ಲ. ಆ ನಾಲ್ಕು ತಿಂಗಳ ಬೆಳೆಗೆ ಹೊಂದಿಸಿ ಯಂತ್ರ ಕಟ್ಟಿ, ಚಳಿಗಾಲದ ತಂಗಾಳಿಗಲ್ಲ. ಉಳಿದ ತಿಂಗಳಿಗೆ ಎರಡು ಸೋಲಾರ್ ಪ್ಯಾನಲ್ ಹಾಕಿಕೊಂಡರೆ ಆಯಿತು.

ಸ್ಟಾರ್‌ನಿಂದ ಡೆಲ್ಟಾಗೆ ಬದಲಿಸುವ ರಿಲೇ ಹಾಕುವವರು ಇದಕ್ಕೇ ಹಾಕುವುದು. ಕಡಿಮೆ ಗಾಳಿಯಲ್ಲಿ ಸ್ಟಾರ್, ಜೋರು ಗಾಳಿಯಲ್ಲಿ ಡೆಲ್ಟಾ. ಆಗ 60 ಟರ್ನಿನ ಯಂತ್ರ ಡೆಲ್ಟಾದಲ್ಲಿ 35 ಟರ್ನಿನ ಸ್ಟಾರ್ ಹಾಗೆ ನಡೆದುಕೊಳ್ಳುತ್ತದೆ. ಯೋಚನೆ ಚೆನ್ನಾಗಿದೆ. ಆದರೆ ಬದಲಿಸುವ ಆ ಕ್ಷಣ ಯಂತ್ರದ ಮೇಲೆ ಲೋಡ್ ಇರುವುದಿಲ್ಲ, ಗಾಳಿ ಜೋರಿದ್ದರೆ ಅಷ್ಟರಲ್ಲೇ ವೇಗ ಎಲ್ಲಿಗೋ ಹೋಗಿರುತ್ತದೆ. ರಿಲೇ ಕಾಂಟ್ಯಾಕ್ಟ್ ಅಂಟಿಕೊಳ್ಳುವುದು, ಸುಡುವುದು ಬೇರೆ. ಈಗ ಗಾಳಿಯಂತ್ರಕ್ಕೆಂದೇ ಮಾಡಿದ ಎಂಪಿಪಿಟಿ ಕಂಟ್ರೋಲರ್ ಸಿಗುತ್ತವೆ. ಅವು ಯಂತ್ರವನ್ನು ಅದರ ಇಷ್ಟದ ವೇಗದಲ್ಲಿ ತಿರುಗಲು ಬಿಟ್ಟು, ಬಂದ ವೋಲ್ಟೇಜನ್ನು ಬ್ಯಾಟರಿಗೆ ತಕ್ಕಂತೆ ಇಳಿಸಿ ಕೊಡುತ್ತವೆ. ಅಂಥದ್ದು ಕೊಳ್ಳುವ ಯೋಚನೆ ಇದ್ದರೆ ಟರ್ನ್ ಜಾಸ್ತಿಯೇ ಹಾಕಿ, ಕೇಬಲ್ ನಷ್ಟವೂ ಕಡಿಮೆಯಾಗುತ್ತದೆ. ಇಲ್ಲದಿದ್ದರೆ 45–50 ಸರಿ.

ಕೇಬಲ್ ಅಂದ ಮೇಲೆ 24 ವೋಲ್ಟ್ ಯಾಕೆ ಅನ್ನುವುದನ್ನೂ ಹೇಳಿಬಿಡುತ್ತೇನೆ. 40 ಮೀಟರ್, 6 ಸ್ಕ್ವೇರ್ ಎಂಎಂ ತಾಮ್ರದ ವೈರ್ ಅಂದರೆ ಒಂದೊಂದು ಎಳೆಗೆ 0.117 ಓಮ್. ಯಾವ ಹೊತ್ತಿನಲ್ಲೂ ಎರಡು ಎಳೆಯಲ್ಲಿ ಕರೆಂಟ್ ಹರಿಯುತ್ತಿರುತ್ತದೆ. 600 ವಾಟ್ ಸಾಗಿಸಲು 12 ವೋಲ್ಟಿಗೆ 50 ಆಂಪ್ ಬೇಕು. ಅಷ್ಟು ಹರಿದರೆ ವೈರಿನಲ್ಲೇ 580 ವಾಟ್ ಸುಡುತ್ತದೆ. ಬ್ಯಾಟರಿಗೆ ಒಂದು ರೂಪಾಯಿ ಮುಟ್ಟಿಸಲು ದಾರಿಯಲ್ಲಿ ಇನ್ನೊಂದು ರೂಪಾಯಿ ಸುಂಕ ಕಟ್ಟಿದ ಹಾಗೆ. 24 ವೋಲ್ಟಿಗೆ ನಷ್ಟ 146 ವಾಟ್. 48ಕ್ಕೆ 36 ವಾಟ್ ಮಾತ್ರ. ನಿಮ್ಮ ಹತ್ತಿರ ಇರುವುದು ಎರಡು ಬ್ಯಾಟರಿ, ಹಾಗಾಗಿ 24 ಅಂದೆ. ಮುಂದೆ ನಾಲ್ಕು ಬ್ಯಾಟರಿ ಮಾಡುವ ಆಲೋಚನೆ ಈಗಲೇ ಇದ್ದರೆ 48ಕ್ಕೇ ಸುತ್ತಿ. ಟರ್ನ್ ಸುಮಾರು ಎರಡರಷ್ಟು, ತಂತಿಯ ಅಡ್ಡಕೊಯ್ತದ ವಿಸ್ತೀರ್ಣ (ವ್ಯಾಸ ಅಲ್ಲ) ಅರ್ಧ.

ಈಗ ಸ್ಟಾರ್ ಯಾಕೆ. ಡೆಲ್ಟಾ ಅಂದರೆ ಮೂರು ಫೇಸನ್ನು ತಲೆಗೆ ಬಾಲ ಜೋಡಿಸಿ ಮುಚ್ಚಿದ ಬಳೆ. ಮೂರೂ ಅಲೆ ಅಚ್ಚುಕಟ್ಟಾಗಿದ್ದರೆ ಬಳೆಯೊಳಗೆ ಒಂದನ್ನೊಂದು ಕಳೆದು ಸೊನ್ನೆಯಾಗುತ್ತದೆ. ಒಂದೇ ಒರಳಿಗೆ ಮೂರು ಜನ ಸರದಿಯ ಮೇಲೆ ಒನಕೆ ಹಾಕಿದ ಹಾಗೆ, ಒಬ್ಬರದು ಇಳಿಯುವಾಗ ಇನ್ನೊಬ್ಬರದು ಏರುತ್ತಿರುತ್ತದೆ. ಆದರೆ ಚೌಕ ಮ್ಯಾಗ್ನೆಟ್‌ನಿಂದ ಬರುವ ಅಲೆ ಅಷ್ಟು ನಯವಾಗಿರುವುದಿಲ್ಲ. ದೊಡ್ಡ ಅಲೆಯ ಮೈಮೇಲೆ ಅದರ ಮೂರು ಪಟ್ಟು ವೇಗದ ಸಣ್ಣ ಅಲೆ ಕೂತಿರುತ್ತದೆ. ದೊಡ್ಡ ಅಲೆಯಲ್ಲಿ ಮೂರನೇ ಒಂದು ಭಾಗ ಹಿಂದೆ ಬಿದ್ದದ್ದು ಸಣ್ಣ ಅಲೆಗೆ ಸರಿಯಾಗಿ ಒಂದು ಸುತ್ತು. ಹಾಗಾಗಿ ಮೂರು ಫೇಸಿನ ಸಣ್ಣ ಅಲೆಗಳೂ ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಬೀಳುತ್ತವೆ. ಮುಚ್ಚಿದ ಬಳೆಯಲ್ಲಿ ಅದು ಬ್ಯಾಟರಿಗೆ ಹೋಗದೆ ಒಳಗೊಳಗೇ ಸುತ್ತುತ್ತಿರುತ್ತದೆ. ಕಾಯಿಲ್ ಬಿಸಿ, ಯಂತ್ರ ಭಾರ, ಲಾಭ ಸೊನ್ನೆ. ಸ್ಟಾರ್‌ನಲ್ಲಿ ಬಳೆಯೇ ಇಲ್ಲ, ಸುತ್ತಲು ದಾರಿಯೂ ಇಲ್ಲ.

ಪ್ಯಾರಲಲ್ ಮಾಡುವುದರಲ್ಲೂ ಇದರ ತಮ್ಮನಂಥ ತೊಂದರೆ ಇದೆ. ಕೈಯಲ್ಲಿ ಸುತ್ತಿದ ಕಾಯಿಲುಗಳು ಅವಳಿ ಮಕ್ಕಳಲ್ಲ. ಒಂದಕ್ಕೆ ಒಂದು ಟರ್ನ್ ಕಮ್ಮಿ, ಇನ್ನೊಂದು ಎರಡು ಮಿಲಿಮೀಟರ್ ಆಚೆ ಕೂತಿರುತ್ತದೆ. ವೋಲ್ಟೇಜ್ ಸ್ವಲ್ಪ ಹೆಚ್ಚಿರುವ ಕಾಯಿಲ್ ಕಡಿಮೆ ಇರುವುದಕ್ಕೆ ಕರೆಂಟ್ ತಳ್ಳುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ 5 ಶೇಕಡ ವ್ಯತ್ಯಾಸಕ್ಕೆ ಒಂದೆರಡು ಆಂಪ್ ಅಷ್ಟೇ, ಪ್ರಾಣ ಹೋಗುವ ವಿಷಯ ಅಲ್ಲ. ಆದರೆ ಪ್ಯಾರಲಲ್‌ನಲ್ಲಿ ಒಂದು ಕಾಯಿಲನ್ನು ತಪ್ಪಿ ತಿರುವಿ ಜೋಡಿಸಿದರೆ ಅದು ನೇರ ಶಾರ್ಟ್. ಸೀರೀಸ್‌ನಲ್ಲಿ ಅದೇ ತಪ್ಪಿಗೆ ವೋಲ್ಟೇಜ್ ಕಮ್ಮಿ ಬರುತ್ತದೆ, ಸುಡುವುದಿಲ್ಲ. ದಪ್ಪ ತಂತಿ ಬಗ್ಗಿಸುವುದು ಕಷ್ಟ ಅಂತ ಪ್ಯಾರಲಲ್ ಮಾಡುವವರಿದ್ದಾರೆ. ಅದಕ್ಕೆ ಸುಲಭದ ದಾರಿ, ಎರಡು ಸಣ್ಣ ತಂತಿಯನ್ನು ಒಟ್ಟಿಗೆ ಹಿಡಿದು ಸುತ್ತುವುದು. ಎರಡೂ ಒಂದೇ ಜಾಗದಲ್ಲಿ ಓಡುವುದರಿಂದ ಜಗಳ ಇಲ್ಲ.

ಒಂದೊಂದು ಫೇಸಿಗೆ ಬೇರೆ ಬ್ರಿಡ್ಜ್, ಅಂದರೆ ನಾಲ್ಕು ಡಯೋಡಿನ ಕಟ್ಟು, ಹಾಕುವ ಸಲಹೆ ತಪ್ಪೇನಲ್ಲ. ಡೆಲ್ಟಾದ ಬಳೆ ಒಡೆಯಲು ಅದೊಂದು ಉಪಾಯ. ಟರ್ನ್ ಜಾಸ್ತಿಯಾಗಿ ರೆಸಿನ್‌ನೊಳಗೆ ಸಿಕ್ಕಿಕೊಂಡ ಹಳೆಯ ಸ್ಟೇಟರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಕಂಬದಿಂದ ಮೂರರ ಬದಲು ಆರು ವೈರ್ ಇಳಿಸಬೇಕು, ಯಂತ್ರದ ಗುಂಯ್‌ಗುಟ್ಟುವಿಕೆಯೂ ಜಾಸ್ತಿ. ಹೊಸದಾಗಿ ಸುತ್ತುವವರಿಗೆ ಬೇಡ. ಒಂಬತ್ತು ಕಾಯಿಲಿಗೆ ಒಂಬತ್ತು ಬ್ರಿಡ್ಜ್, 36 ಡಯೋಡ್ ಅನ್ನುವುದು ಸುಮ್ನೆ ಖರ್ಚು.

ಇನ್ನು ಕೈಕೆಲಸ. ಕಾಯಿಲಿನ ನಡುವಿನ ತೂತು ಮ್ಯಾಗ್ನೆಟ್ಟಿನಷ್ಟೇ ಇರಲಿ. ಪಕ್ಕದ ಕಾಯಿಲಿಗೆ ತಾಗದ ಹಾಗೆ ಒಂದೊಂದು ತೋಳಿಗೆ 28 ಮಿಮೀ ಅಗಲ ಸಿಗುತ್ತದೆ, ದಪ್ಪ 13 ಮಿಮೀ. ಆ ಜಾಗಕ್ಕೆ 45 ಟರ್ನ್ ಅಂದರೆ 16 ಗೇಜಿನ ಎರಡು ಎಳೆ ಚೆನ್ನಾಗಿ ಕೂರುತ್ತದೆ. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಎನಾಮಲ್ ವೈರ್ ಅಂತ ಕೇಳಿ, ತೂಕದಲ್ಲಿ ಕೊಡುತ್ತಾರೆ. ಅಲ್ಯೂಮಿನಿಯಂ ಅಲ್ಲ, ತಾಮ್ರ ಅಂತ ಬಾಯಿಬಿಟ್ಟು ಹೇಳಿ. ಒಂದು ತುದಿ ಕೆರೆದು ನೋಡಿಯೇ ದುಡ್ಡು ಕೊಡಿ.

ಒಂಬತ್ತನ್ನೂ ಒಟ್ಟಿಗೆ ಸುತ್ತಬೇಡಿ. ಮೊದಲು ಒಂದೇ ಕಾಯಿಲ್ ಸುತ್ತಿ. ಪ್ಲೈವುಡ್ ತುಂಡಿಗೆ ಕಟ್ಟಿ ಎರಡು ಡಿಸ್ಕಿನ ನಡುವೆ ಹಿಡಿದು ತಿರುಗಿಸಿ ವೋಲ್ಟೇಜ್ ಅಳೆಯಿರಿ. ನನ್ನ ಲೆಕ್ಕದ ಪ್ರಕಾರ 45 ಟರ್ನಿಗೆ ಸೆಕೆಂಡಿಗೆ ಒಂದು ಸುತ್ತಿನಲ್ಲಿ 1 ವೋಲ್ಟ್ ಬರಬೇಕು. ನಿಜದಲ್ಲಿ ಹತ್ತು–ಹದಿನೈದು ಶೇಕಡ ಕಡಿಮೆ ಬಂದೀತು, ಯಾಕೆಂದರೆ ಹೊರಗಿನ ಟರ್ನ್‌ಗಳಿಗೂ ಒಳಗಿನ ಟರ್ನ್‌ಗಳಿಗೂ ಮ್ಯಾಗ್ನೆಟ್ ಒಂದೇ ಹೊತ್ತಿಗೆ ಎದುರಾಗುವುದಿಲ್ಲ. 45ರಿಂದ 50 ಅಂತ ಸ್ವಲ್ಪ ಸಡಿಲ ಬಿಟ್ಟದ್ದು ಅದಕ್ಕೇ. 0.88 ವೋಲ್ಟ್ ಬಂದರೆ 50 ಟರ್ನ್ ಮಾಡಿಕೊಳ್ಳಿ. ಒಂದು ಎಚ್ಚರ: ಕೈಯಲ್ಲಿ ನಿಧಾನ ತಿರುಗಿಸಿದಾಗ ಬರುವುದು 6 ಹರ್ಟ್ಸ್ ಎಸಿ. ಅಗ್ಗದ ಮೀಟರ್ ಅದನ್ನು ಸರಿಯಾಗಿ ಓದುವುದಿಲ್ಲ, ಅಂಕಿ ಕುಣಿಯುತ್ತದೆ. ಲೇತಿಗೆ ಹಾಕಿ 200 ಸುತ್ತಿನ ಮೇಲೆ ತಿರುಗಿಸಿ ಅಳೆದು, ಭಾಗಿಸಿಕೊಂಡರೆ ನಂಬಬಹುದು.

12 ಮ್ಯಾಗ್ನೆಟ್, 9 ಕಾಯಿಲ್ ಇದ್ದಾಗ 1, 4, 7 ಒಂದು ಫೇಸ್. 2, 5, 8 ಇನ್ನೊಂದು. 3, 6, 9 ಮತ್ತೊಂದು. ಎಲ್ಲ ಕಾಯಿಲನ್ನೂ ಒಂದೇ ದಿಕ್ಕಿಗೆ ಸುತ್ತಿ, ಒಂದೇ ಮುಖ ಮೇಲೆ ಮಾಡಿ ಇಡಿ. ಒಳಗಿನ ತುದಿಗೆ ಕೆಂಪು ಸ್ಲೀವ್, ಹೊರಗಿನದಕ್ಕೆ ಕಪ್ಪು. 1ರ ಕಪ್ಪು 4ರ ಕೆಂಪಿಗೆ, 4ರ ಕಪ್ಪು 7ರ ಕೆಂಪಿಗೆ. ಉಳಿದವೂ ಹಾಗೇ. ಕೊನೆಗೆ 7, 8, 9ರ ಕಪ್ಪು ತುದಿ ಮೂರನ್ನೂ ಸೇರಿಸಿದರೆ ಅದೇ ಸ್ಟಾರ್. 1, 2, 3ರ ಕೆಂಪು ತುದಿ ಹೊರಗೆ. ಎನಾಮಲ್ಲನ್ನು ಚೆನ್ನಾಗಿ ಕೆರೆದು ಬೆಸುಗೆ ಹಾಕಿ. ಎರಡು ಎಳೆ ಇರುವಾಗ ಒಂದು ಎಳೆ ಮಾತ್ರ ಕೆರೆದು ಇನ್ನೊಂದು ಹಾಗೇ ಉಳಿದರೆ ಮೀಟರಿಗೆ ಗೊತ್ತಾಗುವುದಿಲ್ಲ, ಆಮೇಲೆ ಬಿಸಿಯಾದಾಗ ಗೊತ್ತಾಗುತ್ತದೆ.

ಇಷ್ಟು ಹೇಳುವುದಕ್ಕೆ ನನಗೆ ಒಂದು ಸ್ಟೇಟರ್ ಖರ್ಚಾಗಿದೆ. ನನ್ನ ಮೊದಲ ಯಂತ್ರಕ್ಕೆ ಸ್ಲೀವ್ ಬಣ್ಣ ಒಂದೇ ಇತ್ತು. ಗುರುತು ಪೆನ್ನಿನಲ್ಲಿ ಬರೆದಿದ್ದೆ, ಅದು ಬೆರಳಿಗೆ ಅಂಟಿ ಅಳಿಸಿತ್ತು. 5ನೇ ಕಾಯಿಲನ್ನು ತಿರುವಿ ಜೋಡಿಸಿದ್ದೆ. ಅಳೆಯದೆ ಡೆಲ್ಟಾ ಮುಚ್ಚಿ ರೆಸಿನ್ ಸುರಿದೆ. ಮಾರನೆಯ ದಿನ ಜೋಡಿಸಿ ತಿರುಗಿಸಿದರೆ ಬ್ಯಾಟರಿ ಇಲ್ಲದೆಯೇ ಯಂತ್ರ ಕೆಸರಿನಲ್ಲಿ ಹೂತ ಗಾಡಿಯ ಹಾಗೆ ಭಾರ. ಬೇರಿಂಗ್ ಹಾಳಾಗಿದೆ ಅಂತ ಎರಡು ದಿನ ಗ್ರೀಸ್ ಹಾಕಿದೆ! ಕೊನೆಗೆ ಮೂಲೆಯ ಒಂದು ಜೋಡಣೆ ಕತ್ತರಿಸಿದ ತಕ್ಷಣ ಡಿಸ್ಕ್ ಬೆಣ್ಣೆಯ ಮೇಲೆ ಜಾರಿದ ಹಾಗೆ ತಿರುಗಿತು. ಆ ಸ್ಟೇಟರ್ ಈಗಲೂ ನಮ್ಮ ಮನೆಯ ನೀರಿನ ಡ್ರಮ್ಮಿಗೆ ಮುಚ್ಚಳ.

ಹಾಗಾಗಿ ರೆಸಿನ್ ಸುರಿಯುವ ಮೊದಲು ಕಾಯಿಲುಗಳನ್ನು ಪ್ಲೈವುಡ್ ಮೇಲೆ ಟೇಪ್ ಹಾಕಿ ಕೂರಿಸಿ, ಸ್ಟಾರ್ ಕಟ್ಟಿ, ಒಂದೇ ವೇಗದಲ್ಲಿ ತಿರುಗಿಸಿ ಮೂರು ಜೋಡಿ ಲೈನನ್ನು ಅಳೆಯಿರಿ. ಕಾಯಿಲಿಗೆ 1 ವೋಲ್ಟ್ ಅನ್ನುವ ಲೆಕ್ಕದಲ್ಲಿ ಮೂರೂ ಜೋಡಿಗೆ 5.2 ಬರಬೇಕು. ಒಂದು ಜೋಡಿಗೆ 5.2 ಬಂದು ಉಳಿದೆರಡಕ್ಕೆ 3.6 ಬಂದರೆ ಎಲ್ಲೋ ಒಂದು ಕಾಯಿಲ್ ತಿರುವಿದೆ. ಒಂದಕ್ಕೆ 5.2, ಉಳಿದೆರಡಕ್ಕೆ ಸರಿಯಾಗಿ 3 ಬಂದರೆ ಒಂದು ಫೇಸೇ ಪೂರ್ತಿ ತಿರುವಿದೆ. ಎರಡರಲ್ಲೂ 5.2 ಬಂದ ಜೋಡಿಯಲ್ಲಿ ಇಲ್ಲದ ಮೂರನೇ ಫೇಸಿನಲ್ಲೇ ತಪ್ಪು ಇರುವುದು. ಅಂಕಿ ಹೆಚ್ಚುಕಡಿಮೆ ಬಂದರೂ ಅನುಪಾತ ಇದೇ. ಸೀರೀಸ್ ಜೋಡಣೆ ರೆಸಿನ್‌ನೊಳಗೇ ಇರಲಿ, ಅಲುಗಾಟಕ್ಕೆ ಕೀಳುವುದಿಲ್ಲ. ಆದರೆ ಮೂರು ಫೇಸಿನ ಎರಡೆರಡು ತುದಿ, ಒಟ್ಟು ಆರನ್ನೂ ಹೊರಗೆ ತನ್ನಿ. ಸ್ಟಾರ್ ಜೋಡಣೆ ಹೊರಗೆ ಬೋಲ್ಟಿನಲ್ಲಿ ಮಾಡಿ. ನಾಳೆ ಡೆಲ್ಟಾ ಮಾಡಿ ನೋಡುವ ಆಸೆ ಬಂದರೆ ಪಾನಾ ಸಾಕು. ಆಗಲೂ ಕೊನೆಯ ಮೂಲೆ ಮುಚ್ಚುವ ಮೊದಲು ಆ ಎರಡು ತುದಿಯ ನಡುವೆ ಅಳೆದು ನೋಡಿ. ಸೊನ್ನೆಯ ಹತ್ತಿರ ಇರಬೇಕು. ಇಲ್ಲದಿದ್ದರೆ ಮುಚ್ಚಬೇಡಿ.

ಡಯೋಡ್ ಕಂಬದ ಮೇಲೆ ಬೇಡ. ಮೂರು ಎಸಿ ವೈರನ್ನೇ ಕೆಳಗೆ ಇಳಿಸಿ ಬ್ಯಾಟರಿ ಹತ್ತಿರ ಹಾಕಿ, ಹೋದರೆ ಬದಲಿಸುವುದು ಸುಲಭ. 35 ಆಂಪಿನ ಕೆಬಿಪಿಸಿ 3510 ಬ್ರಿಡ್ಜ್ ಮೂರು ತನ್ನಿ. ಒಂದೊಂದರ ಎರಡೂ ಎಸಿ ಕಾಲನ್ನು ಸೇರಿಸಿ ಒಂದೊಂದು ಫೇಸಿಗೆ ಕೊಡಿ. ಪ್ಲಸ್ ಎಲ್ಲ ಒಟ್ಟಿಗೆ, ಮೈನಸ್ ಎಲ್ಲ ಒಟ್ಟಿಗೆ. ಕೆಳಗೆ ದಪ್ಪ ಅಲ್ಯೂಮಿನಿಯಂ ಹಾಳೆ ಇರಲಿ.

ಸೋಲಾರಿನ ಚಾರ್ಜ್ ಕಂಟ್ರೋಲರನ್ನು ಇದಕ್ಕೆ ಹಾಕಬೇಡಿ. ಬ್ಯಾಟರಿ ತುಂಬಿದ ಕೂಡಲೇ ಅದು ಲೈನ್ ಕಡಿದುಬಿಡುತ್ತದೆ. ಪ್ಯಾನಲ್ ಸುಮ್ಮನಿರುತ್ತದೆ, ಗಾಳಿಯಂತ್ರ ಸುಮ್ಮನಿರುವುದಿಲ್ಲ. ಲೋಡ್ ತಪ್ಪಿದ ಯಂತ್ರ 500 ಸುತ್ತು ದಾಟಿ ಓಡುತ್ತದೆ, ಆಗ ಅದೇ ಸ್ಟೇಟರಿನಿಂದ 60 ವೋಲ್ಟ್ ಮೇಲೆ ಬರುತ್ತದೆ. ಉಳಿದ ಶಕ್ತಿಯನ್ನು ಹೀಟರಿಗೆ ತಿರುಗಿಸುವ ಡಂಪ್ ಲೋಡ್ ಇರುವ ಕಂಟ್ರೋಲರೇ ಬೇಕು. ಅದರ ಜೊತೆಗೆ ಮೂರು ಎಸಿ ವೈರಿಗೆ ಅಡ್ಡಲಾಗಿ, ಡಯೋಡಿಗಿಂತ ಮೊದಲು, ಮೂರನ್ನೂ ಒಟ್ಟು ಸೇರಿಸುವ ಒಂದು ಗಟ್ಟಿ ಸ್ವಿಚ್ ಹಾಕಿ. ಅದೇ ನಿಮ್ಮ ಬ್ರೇಕ್. ಆದರೆ ಗಾಳಿ ಕಡಿಮೆ ಇರುವಾಗಲೇ ಹಾಕಿ. ಜೋರು ಗಾಳಿಯಲ್ಲಿ ಸ್ಟಾಲ್ ಆಗದೆ ತಿರುಗುತ್ತಲೇ ಇದ್ದರೆ ಕಾಯಿಲ್ ಸುಡುತ್ತದೆ. ಕಂಬ ಎತ್ತುವ ದಿನ ಆ ಸ್ವಿಚ್ ಹಾಕಿಯೇ ಎತ್ತಿ, ಬ್ಯಾಟರಿ ಜೋಡಿಸಿ, ಎಲ್ಲರೂ ಕೆಳಗಿಳಿದ ಮೇಲೆ ತೆಗೆಯಿರಿ. ಟೆಸ್ಟ್ ಕಾಯಿಲಿನ ಅಳತೆ ಬಂದ ಮೇಲೆ ವೋಲ್ಟೇಜ್, ಟರ್ನ್, ಎಷ್ಟು ಸುತ್ತಿನಲ್ಲಿ ಅಳೆದಿರಿ ಅನ್ನುವ ಮೂರು ಅಂಕಿ ಬರೆದು ಕಳಿಸಿ, ಉಳಿದ ಎಂಟನ್ನು ಸುತ್ತುವ ಮೊದಲು ಒಮ್ಮೆ ಲೆಕ್ಕ ನೋಡೋಣ.